ಮೋಟರ್ ಸುಟ್ಟ ರೈತನಿಗೆ ನಿಮ್ಮ ಅಂಗಡಿ ಕಾಣುವುದು ಹೇಗೆ? ಗೂಗಲ್ ಹುಡುಕಾಟದ ಜಾಹೀರಾತಿನ ಒಳಗುಟ್ಟು

ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟವೊಂದರಲ್ಲಿ ಬೋರ್‌ವೆಲ್ ಮೋಟರ್ ಸುಟ್ಟಿತು ಅಂದುಕೊಳ್ಳಿ. ತೋಟದವರಿಗೆ ನಾಲ್ಕು ಅಂಗಡಿ ಸುತ್ತಿ ದರ ವಿಚಾರಿಸುವ ಪುರುಸೊತ್ತು ಇರುವುದಿಲ್ಲ. ದಿನ ಕಳೆದಂತೆ ಗಿಡ ಬಾಡುತ್ತದೆ. ಮೋಟರ್ ಮೇಲೆತ್ತುವವರು ಬೇಕು, ವೈಂಡಿಂಗ್ ಮಾಡುವವರು ಬೇಕು, ಅದೂ ಇವತ್ತೇ ಬೇಕು. ಪರಿಚಯದ ಮೇಸ್ತ್ರಿ ಫೋನ್ ಎತ್ತಲಿಲ್ಲವೆಂದರೆ ಮನೆಯ ಹುಡುಗ ಮೊಬೈಲ್ ತೆಗೆದು 'ಬೋರ್‌ವೆಲ್ ಮೋಟರ್ ರಿಪೇರಿ ಚನ್ನಗಿರಿ' ಎಂದು ಹುಡುಕುತ್ತಾನೆ. ಮೊದಲು ಕಂಡ ಎರಡು ಮೂರು ನಂಬರುಗಳಿಗೆ ಕರೆ ಹೋಗುತ್ತದೆ, ಯಾರು ಬರುತ್ತೇನೆ ಅಂದರೋ ಅವರಿಗೆ ಕೆಲಸ.

ಆ ಎರಡು ಮೂರು ನಂಬರುಗಳಲ್ಲಿ ತನ್ನದೂ ಒಂದಾಗಿರಲಿ ಎಂದು ಅಂಗಡಿಯವರು ಬಯಸುವುದು ಸಹಜ. ಹಾಗಾಗಿಯೇ ತಾಲ್ಲೂಕು ಕೇಂದ್ರದ ಸಣ್ಣ ಅಂಗಡಿಗೂ ಈಗ ಕರೆಗಳು ಬರುತ್ತಿವೆ: 'ಸರ್, ಗೂಗಲ್‌ನಲ್ಲಿ ನಿಮ್ಮನ್ನ ಮೊದಲು ಬರೋ ಹಾಗೆ ಮಾಡ್ತೀವಿ, ತಿಂಗಳಿಗೆ ಇಷ್ಟು ಕೊಡಿ.' ಆ ದುಡ್ಡು ಎಲ್ಲಿಗೆ ಹೋಗುತ್ತದೆ, ಅದರಿಂದ ಏನು ಬರುತ್ತದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಮೋಟರ್ ರಿಪೇರಿ ಅಂಗಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬುಡದಿಂದ ನೋಡೋಣ. ಹಲ್ಲಿನ ಆಸ್ಪತ್ರೆ, ಟ್ರಾವೆಲ್ಸ್, ಹೋಂಸ್ಟೇ, ಇನ್ವರ್ಟರ್ ಬ್ಯಾಟರಿ ಅಂಗಡಿ, ಯಾವುದಕ್ಕಾದರೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹುಡುಕಾಟದ ಜಾಹೀರಾತು ಎಂದರೇನು?

ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಬರುವ ಪುಟದಲ್ಲಿ ಎರಡು ಬಗೆಯ ಫಲಿತಾಂಶಗಳಿರುತ್ತವೆ. ಒಂದು, ಗೂಗಲ್ ತಾನಾಗಿ ಆರಿಸಿ ತೋರಿಸುವಂಥದ್ದು. ಇದಕ್ಕೆ ಯಾರೂ ದುಡ್ಡು ಕೊಟ್ಟಿರುವುದಿಲ್ಲ. ನಕ್ಷೆಯ ಜೊತೆ ಬರುವ ಅಂಗಡಿಗಳ ಪಟ್ಟಿಯೂ ಬಹುಪಾಲು ಈ ಬಗೆಯದೇ. ಇನ್ನೊಂದು, ದುಡ್ಡು ಕೊಟ್ಟು ಹಾಕಿಸಿದ್ದು. ಅದರ ಮೇಲೆ 'ಸ್ಪಾನ್ಸರ್ಡ್' ಅಥವಾ 'ಪ್ರಾಯೋಜಿತ' ಎಂಬ ಸಣ್ಣ ಗುರುತು ಇರುತ್ತದೆ. ಹುಡುಕಾಟದ ಜಾಹೀರಾತು ಎನ್ನುವುದು ಈ ಎರಡನೆಯದಕ್ಕೆ.

ಗೋಡೆ ಬರಹ, ಬಸ್ಸಿನ ಹಿಂದಿನ ಬೋರ್ಡು, ಪತ್ರಿಕೆಯ ಜಾಹೀರಾತು ಇವೆಲ್ಲಕ್ಕೂ ಇದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಗೋಡೆ ಬರಹವನ್ನು ದಾರಿಯಲ್ಲಿ ಹೋಗುವ ಎಲ್ಲರೂ ನೋಡುತ್ತಾರೆ, ಅವರಲ್ಲಿ ಇವತ್ತು ಮೋಟರ್ ಕೆಟ್ಟವರು ಒಬ್ಬರೂ ಇಲ್ಲದಿರಬಹುದು. ಹುಡುಕಾಟದ ಜಾಹೀರಾತು ಮಾತ್ರ, ಬೇಕು ಎಂದು ಕೇಳಿದವರ ಮುಂದೆ, ಕೇಳಿದ ಗಳಿಗೆಯಲ್ಲೇ ಬರುತ್ತದೆ. ಪಾವತಿಯ ರೀತಿಯೂ ಬೇರೆ. ಜಾಹೀರಾತು ಕಂಡರಷ್ಟೇ ಸಾಮಾನ್ಯವಾಗಿ ದುಡ್ಡು ಹೋಗುವುದಿಲ್ಲ. ಯಾರಾದರೂ ಅದನ್ನು ಒತ್ತಿದಾಗ, ಅಂದರೆ ಕ್ಲಿಕ್ ಮಾಡಿದಾಗ, ಅಥವಾ ಅದರಲ್ಲಿರುವ ಕರೆ ಬಟನ್ ಒತ್ತಿದಾಗ ಹಣ ಕಡಿತವಾಗುತ್ತದೆ.

ಈ ಪದ್ಧತಿಯನ್ನು ಶುರುಮಾಡಿದ್ದು ಗೂಗಲ್ ಅಲ್ಲ. 1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಎಂಬ ಉದ್ಯಮಿ 'ಗೋಟು ಡಾಟ್ ಕಾಮ್' ಎಂಬ ಹುಡುಕುತಾಣ ತೆರೆದು, ಪದಗಳಿಗೆ ಹರಾಜು ಕೂಗುವ ವ್ಯವಸ್ಥೆ ತಂದರು. ಯಾರು ಪ್ರತಿ ಕ್ಲಿಕ್ಕಿಗೆ ಹೆಚ್ಚು ಕೊಡುತ್ತೇನೆ ಅನ್ನುತ್ತಾರೋ ಅವರ ಹೆಸರು ಮೇಲೆ. ಅದು ಮುಂದೆ 'ಓವರ್ಚರ್' ಆಯಿತು, 2003ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು. ಗೂಗಲ್ 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ 'ಆಡ್‌ವರ್ಡ್ಸ್' ಆರಂಭಿಸಿತು. ಆಗ ಎಷ್ಟು ಸಲ ತೋರಿಸಿತು ಎಂಬುದರ ಮೇಲೆ ಹಣ. ಕ್ಲಿಕ್ಕಿಗೆ ಇಷ್ಟು ಎಂಬ ಹರಾಜಿಗೆ ಅದು ಬಂದದ್ದು 2002ರಲ್ಲಿ. 2018ರಿಂದ ಅದರ ಹೆಸರು 'ಗೂಗಲ್ ಆಡ್ಸ್'.

ಹುಡುಕುವ ಮಾತಿನಲ್ಲೇ ಅವಸರ ಗೊತ್ತಾಗುತ್ತದೆ

ಹುಡುಕುವವರೆಲ್ಲ ಕೊಳ್ಳುವವರಲ್ಲ. ಇದನ್ನು ಹಿಡಿದುಕೊಂಡರೆ ಅರ್ಧ ವಿಷಯ ಅರ್ಥವಾದಂತೆ.

'ಅಡಿಕೆ ಗಿಡಕ್ಕೆ ದಿನಕ್ಕೆ ಎಷ್ಟು ನೀರು ಬೇಕು' ಎಂದು ಕೇಳುವವರು ತಿಳಿದುಕೊಳ್ಳಲು ಬಂದವರು. '5 ಎಚ್‌ಪಿ ಸಬ್‌ಮರ್ಸಿಬಲ್ ಯಾವ ಕಂಪನಿದು ಒಳ್ಳೇದು' ಎನ್ನುವವರು ತೂಗಿ ನೋಡುತ್ತಿದ್ದಾರೆ, ವಾರವೋ ತಿಂಗಳೋ ಬಿಟ್ಟು ಕೊಳ್ಳಬಹುದು. '5 ಎಚ್‌ಪಿ ಸಬ್‌ಮರ್ಸಿಬಲ್ ರೇಟ್ ದಾವಣಗೆರೆ' ಎಂದವರ ಕೈ ಜೇಬಿನ ಹತ್ತಿರ ಬಂದಿದೆ. 'ಮೋಟರ್ ಎತ್ತುವವರು ನಂಬರ್' ಎಂದು ಹುಡುಕಿದವರು ಈಗಲೇ ಕರೆ ಮಾಡುವವರು.

ಊರಿನ ಹೆಸರು, 'ಹತ್ತಿರ', 'ರೇಟ್', 'ನಂಬರ್', 'ಇವತ್ತು', ಮಾಲಿನ ಖಚಿತ ಅಳತೆ ಅಥವಾ ಮಾಡೆಲ್ ಸೇರಿಕೊಂಡಷ್ಟೂ ಕೊಳ್ಳುವ ನಿರ್ಧಾರ ಹತ್ತಿರವಿದೆ ಎಂದು ತಿಳಿಯಬಹುದು. 'ಹೇಗೆ', 'ಏಕೆ', 'ಎಂದರೇನು' ಸೇರಿದರೆ ದೂರವಿದೆ. ಕಡಿಮೆ ಬಂಡವಾಳದ ಅಂಗಡಿಗೆ ಮೊದಲ ದಿನದಿಂದ ಬೇಕಾದವರು ಹತ್ತಿರ ಬಂದವರು. ದೂರದಲ್ಲಿರುವವರಿಗೆ ತೋರಿಸಬಾರದು ಎಂದೇನಿಲ್ಲ, ಆದರೆ ಅದು ಕೈಯಲ್ಲಿ ದುಡ್ಡು ಆಡುವ ದೊಡ್ಡ ಕಂಪನಿಗಳ ಕೆಲಸ.

ಯಾರು ಮೇಲೆ ಬರುತ್ತಾರೆ, ಎಷ್ಟು ಕೊಡುತ್ತಾರೆ?

'ಹೆಚ್ಚು ದುಡ್ಡು ಕೊಟ್ಟವರು ಮೇಲೆ' ಎಂಬ ನಂಬಿಕೆ ಎಲ್ಲರಲ್ಲೂ ಇದೆ. ಅದು ಪೂರ್ತಿ ನಿಜವಲ್ಲ.

ಅಡಿಕೆ ಮಂಡಿಯ ಟೆಂಡರ್ ನೋಡಿದವರಿಗೆ ಹೋಲಿಕೆಯಿಂದ ಬೇಗ ತಿಳಿಯುತ್ತದೆ. ಅಲ್ಲಿ ರಾಶಿಗೆ ಖರೀದಿದಾರರು ಒಬ್ಬರಿಗೊಬ್ಬರು ತೋರಿಸದೆ ದರ ಬರೆಯುತ್ತಾರೆ, ಹೆಚ್ಚು ಬರೆದವರಿಗೆ ಮಾಲು, ಬರೆದಷ್ಟೇ ದರ ಕೊಡಬೇಕು. ಗೂಗಲ್‌ನಲ್ಲಿಯೂ ಪ್ರತಿ ಹುಡುಕಾಟಕ್ಕೆ ಇಂಥದ್ದೇ ಒಂದು ಟೆಂಡರ್ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. ಮಂಡಿಗಿಂತ ಬೇರೆಯಾಗುವುದು ಎರಡು ಕಡೆ. ಮೊದಲನೆಯದಾಗಿ, ಬರೆದ ದರದ ಜೊತೆಗೆ ಜಾಹೀರಾತಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಎರಡನೆಯದಾಗಿ, ಗೆದ್ದವರು ಬರೆದಷ್ಟು ಪೂರ್ತಿ ಕೊಡುವುದಿಲ್ಲ. ಕೆಳಗಿನವರನ್ನು ಹಿಂದಿಕ್ಕಲು ಎಷ್ಟು ಬೇಕೋ ಅಷ್ಟು ಕೊಟ್ಟರೆ ಸಾಕು.

ಸರಳ ಮಾಡಿಕೊಂಡ ಒಂದು ಲೆಕ್ಕ ನೋಡಿ. ಮೂರು ಅಂಗಡಿಗಳಿವೆ. ಮೊದಲನೆಯವರು ಕ್ಲಿಕ್ಕಿಗೆ 30 ರೂಪಾಯಿ ತನಕ ಕೊಡುತ್ತೇನೆ ಎಂದಿದ್ದಾರೆ, ಅವರ ಜಾಹೀರಾತಿನ ಗುಣ 4. ಎರಡನೆಯವರು 20 ರೂಪಾಯಿ, ಗುಣ 8. ಮೂರನೆಯವರು 15 ರೂಪಾಯಿ, ಗುಣ 5. ದರವನ್ನು ಗುಣದಿಂದ ಗುಣಿಸಿದರೆ ಕ್ರಮವಾಗಿ 120, 160, 75. ಮೇಲೆ ಬರುವವರು 20 ರೂಪಾಯಿಯವರು. ಅವರು ಕೊಡಬೇಕಾದದ್ದು 120ನ್ನು ದಾಟುವಷ್ಟು, ಅಂದರೆ 120ನ್ನು 8ರಿಂದ ಭಾಗಿಸಿದರೆ ಬರುವ 15 ರೂಪಾಯಿ ಚಿಲ್ಲರೆ. ಅವರ ಕೆಳಗೆ ನಿಂತ 30 ರೂಪಾಯಿಯವರು 75ನ್ನು ದಾಟಬೇಕು. 75ನ್ನು 4ರಿಂದ ಭಾಗಿಸಿದರೆ 18 ರೂಪಾಯಿ 75 ಪೈಸೆ. ಕೆಳಗಿರುವವರೇ ಹೆಚ್ಚು ಕೊಡುತ್ತಿದ್ದಾರೆ!

ಗೂಗಲ್ ಹೀಗೇಕೆ ಮಾಡುತ್ತದೆ? ಕ್ಲಿಕ್ ಆದರೆ ಮಾತ್ರ ಅದಕ್ಕೆ ಹಣ. ಯಾರೂ ಒತ್ತದ ಜಾಹೀರಾತು 30 ರೂಪಾಯಿ ಕೂಗಿದರೂ ಗೂಗಲ್‌ಗೆ ಏನೂ ಹುಟ್ಟುವುದಿಲ್ಲ, ಹುಡುಕುವವರಿಗೂ ಬೇಸರ. ಬರೆದಷ್ಟೇ ಕೊಡಬೇಕೆಂಬ ಹಳೆಯ ಪದ್ಧತಿಯಲ್ಲಿ ಇನ್ನೊಂದು ತೊಂದರೆಯೂ ಇತ್ತು. ಜಾಹೀರಾತುದಾರರು ಒಬ್ಬರ ಮೇಲೊಬ್ಬರು ಒಂದೊಂದು ಸೆಂಟ್ ಏರಿಸುತ್ತ ಹೋಗಿ, ಗಿಟ್ಟುವುದಿಲ್ಲ ಎನಿಸಿದಾಗ ದಿಢೀರನೆ ಕೆಳಗಿಳಿಸಿ, ಮತ್ತೆ ಏರಿಸುತ್ತಿದ್ದರು. ಎರಡನೆಯ ದರ ಕೊಟ್ಟರೆ ಸಾಕು ಎಂಬ ಹರಾಜಿನ ಸಿದ್ಧಾಂತವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರೆ 1961ರಲ್ಲೇ ವಿವರಿಸಿದ್ದರು, 1996ರಲ್ಲಿ ಅವರಿಗೆ ನೊಬೆಲ್ ಬಂತು. ಹುಡುಕಾಟದ ಹರಾಜು ಅದರ ದೂರದ ಸಂಬಂಧಿ.

ಗುಣ ಎಂದರೆ ಏನು? ಗೂಗಲ್ ಹೇಳುವ ಪ್ರಕಾರ ಮುಖ್ಯವಾಗಿ ಮೂರು: ಈ ಜಾಹೀರಾತನ್ನು ಜನ ಒತ್ತುವ ಸಾಧ್ಯತೆ, ಹುಡುಕಿದ ಮಾತಿಗೂ ಜಾಹೀರಾತಿಗೂ ಇರುವ ಹೊಂದಿಕೆ, ಒತ್ತಿದ ಮೇಲೆ ತೆರೆಯುವ ಪುಟ ಉಪಯೋಗಕ್ಕೆ ಬರುತ್ತದೆಯೇ ಎಂಬುದು. ಗೂಗಲ್ ಆಡ್ಸ್ ಖಾತೆಯಲ್ಲಿ 1ರಿಂದ 10ರ ತನಕ 'ಕ್ವಾಲಿಟಿ ಸ್ಕೋರ್' ಕಾಣುತ್ತದೆ. ಅದು ಕೊರತೆ ಎಲ್ಲಿದೆ ಎಂದು ತಿಳಿಯಲು ಕೊಟ್ಟ ಅಂಕ ಮಾತ್ರ, ಹರಾಜಿನ ಗಳಿಗೆಯಲ್ಲಿ ನಡೆಯುವ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಹುಡುಕುವವರು ಇರುವ ಜಾಗ, ಹೊತ್ತು, ಫೋನೋ ಕಂಪ್ಯೂಟರೋ ಎಂಬುದೂ ಅದರಲ್ಲಿ ಸೇರುತ್ತದೆ. ಎದುರಾಳಿಗಳೇ ಇಲ್ಲದಿದ್ದರೂ ಒಂದು ಕನಿಷ್ಠ ದರ ಇದ್ದೇ ಇರುತ್ತದೆ. ಸೂತ್ರವನ್ನು ಗೂಗಲ್ ಪೂರ್ತಿ ಬಿಟ್ಟುಕೊಟ್ಟಿಲ್ಲ. ಆದರೂ ಸಣ್ಣ ಅಂಗಡಿಗೆ ಇದರಲ್ಲಿ ಒಂದು ಭರವಸೆಯಿದೆ: ಹುಡುಕಿದ್ದಕ್ಕೆ ನೇರ ಉತ್ತರ ಕೊಡುವ ಜಾಹೀರಾತು ಕಡಿಮೆ ದುಡ್ಡಿನಲ್ಲೂ ದೊಡ್ಡವರ ಮೇಲೆ ನಿಲ್ಲಬಲ್ಲದು.

ಕೀವರ್ಡ್: ಯಾವ ಮಾತಿಗೆ ಕಾಣಬೇಕು, ಯಾವುದಕ್ಕೆ ಕಾಣಬಾರದು

ಯಾವ ಮಾತು ಹುಡುಕಿದಾಗ ನಿಮ್ಮ ಜಾಹೀರಾತು ಹರಾಜಿಗೆ ಇಳಿಯಬೇಕು ಎಂದು ನೀವು ಕೊಡುವ ಪಟ್ಟಿಯೇ ಕೀವರ್ಡ್. ದುಡ್ಡು ಉಳಿಯುವುದೂ ಸೋರಿಹೋಗುವುದೂ ಹೆಚ್ಚಾಗಿ ಇಲ್ಲಿಯೇ.

ಪ್ರತಿ ಕೀವರ್ಡನ್ನು ಮೂರು ಬಗೆಯಲ್ಲಿ ಕೊಡಬಹುದು. 'ಬ್ರಾಡ್ ಮ್ಯಾಚ್' ಎಂದರೆ ಗೂಗಲ್‌ಗೆ ಸಂಬಂಧವಿದೆ ಎನಿಸಿದ ಯಾವ ಹುಡುಕಾಟಕ್ಕಾದರೂ ತೋರಿಸಬಹುದು. 'ಮೋಟರ್ ರಿಪೇರಿ' ಎಂದು ಹೀಗೆ ಬಿಟ್ಟರೆ ಮಿಕ್ಸಿ, ಕೂಲರ್, ಬೈಕಿನ ಸ್ಟಾರ್ಟರ್ ಮೋಟರ್ ಹುಡುಕುವವರಿಗೂ ಕಾಣಬಹುದು. 'ಫ್ರೇಸ್ ಮ್ಯಾಚ್' ಎಂದರೆ ಆ ಮಾತಿನ ಅರ್ಥ ಹುಡುಕಾಟದ ಒಳಗೆ ಇರಬೇಕು, ಹಿಂದೆ ಮುಂದೆ ಬೇರೆ ಪದ ಇದ್ದರೆ ಸರಿ. 'ಎಕ್ಸಾಕ್ಟ್ ಮ್ಯಾಚ್' ಎಂದರೆ ಅದೇ ಮಾತು ಅಥವಾ ಅದೇ ಅರ್ಥದ ಮಾತು. ಮೊದಲೆಲ್ಲ ಅಕ್ಷರ ಅಕ್ಷರವೂ ಹೊಂದಬೇಕಿತ್ತು, ಈಗ ಅರ್ಥ ಒಂದಾದರೆ ಸಾಕು ಎಂದು ಗೂಗಲ್ ಸಡಿಲಿಸಿದೆ.

ತಿಂಗಳಿಗೆ ಕೆಲವೇ ಸಾವಿರ ಹಾಕುವವರು ಎಕ್ಸಾಕ್ಟ್ ಮತ್ತು ಫ್ರೇಸ್‌ನಿಂದ ಶುರುಮಾಡುವುದು ಕ್ಷೇಮ ಎಂಬುದು ನನ್ನ ತಿಳಿವಳಿಕೆ. ಬ್ರಾಡ್ ಮ್ಯಾಚ್ ಚೆನ್ನಾಗಿ ದುಡಿಯಬೇಕಾದರೆ ಯಾವ ಕ್ಲಿಕ್ ವ್ಯಾಪಾರವಾಯಿತು ಎಂಬ ಮಾಹಿತಿ ಗೂಗಲ್‌ಗೆ ಸಾಕಷ್ಟು ಸಿಗಬೇಕು. ವಾರಕ್ಕೆ ನಾಲ್ಕು ಕೆಲಸ ಹಿಡಿಯುವ ಅಂಗಡಿಯಿಂದ ಅಷ್ಟು ಮಾಹಿತಿ ಹುಟ್ಟುವುದಿಲ್ಲ.

ಇನ್ನು 'ನೆಗೆಟಿವ್ ಕೀವರ್ಡ್'. ಈ ಪದ ಇದ್ದರೆ ನನ್ನ ಜಾಹೀರಾತು ತೋರಿಸಬೇಡಿ ಎಂದು ಹೇಳುವ ಪಟ್ಟಿ. ಮೋಟರ್ ವೈಂಡಿಂಗ್ ಅಂಗಡಿಗೆ ಇದು ಜೀವಾಳ. ಏಕೆಂದರೆ 'ಮೋಟರ್ ವೈಂಡಿಂಗ್' ಎಂದು ಹುಡುಕುವವರಲ್ಲಿ ಐಟಿಐ ವಿದ್ಯಾರ್ಥಿಗಳಿದ್ದಾರೆ, ವೈಂಡಿಂಗ್ ಡೇಟಾ ಬೇಕಾದ ಬೇರೆ ಊರಿನ ಮೆಕ್ಯಾನಿಕ್‌ಗಳಿದ್ದಾರೆ, ಕೆಲಸ ಹುಡುಕುವವರಿದ್ದಾರೆ, ವಿಡಿಯೋ ನೋಡುವವರಿದ್ದಾರೆ. ಅವರು ಒತ್ತಿದರೂ ನಿಮ್ಮ ದುಡ್ಡೇ ಹೋಗುವುದು. ಹಾಗಾಗಿ 'ಡೇಟಾ', 'ಡಯಾಗ್ರಾಮ್', 'ಕೋರ್ಸ್', 'ಕೆಲಸ', 'ಸಂಬಳ', 'ಪಿಡಿಎಫ್', 'ವಿಡಿಯೋ', 'ಸಬ್ಸಿಡಿ', 'ಮಿಕ್ಸಿ', 'ಕೂಲರ್', 'ಬೈಕ್' ಎಂಬವನ್ನೆಲ್ಲ ಮೊದಲೇ ಸೇರಿಸಬೇಕು. ಒಂದು ಎಚ್ಚರ: ಮಾಮೂಲಿ ಕೀವರ್ಡಿಗೆ ಸಮಾನಾರ್ಥಕ ಪದಗಳನ್ನು ಗೂಗಲ್ ತಾನೇ ಸೇರಿಸಿಕೊಳ್ಳುತ್ತದೆ, ನೆಗೆಟಿವ್‌ಗೆ ಹಾಗಲ್ಲ. 'ಕೆಲಸ' ಎಂದು ಕನ್ನಡದಲ್ಲಿ ಕೊಟ್ಟರೆ ಇಂಗ್ಲಿಷಿನ 'ಜಾಬ್' ತಡೆಯಲ್ಪಡುವುದಿಲ್ಲ. ಎರಡನ್ನೂ ಕೊಡಬೇಕು.

ಜನ ನಿಜವಾಗಿ ಏನು ಟೈಪ್ ಮಾಡಿ ನಿಮ್ಮ ಜಾಹೀರಾತನ್ನು ಒತ್ತಿದರು ಎಂಬುದು ಖಾತೆಯಲ್ಲಿ 'ಸರ್ಚ್ ಟರ್ಮ್ಸ್' ಎಂಬ ವರದಿಯಲ್ಲಿ ಕಾಣುತ್ತದೆ. ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಗೂಗಲ್ ಅದರಲ್ಲಿ ಬಿಡಿಸಿ ತೋರಿಸುವುದಿಲ್ಲ, ಆದರೂ ಕಾಣುವಷ್ಟೇ ಬಹಳ. ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಅದನ್ನು ತೆರೆದು ಸಂಬಂಧವಿಲ್ಲದ ಪದಗಳನ್ನು ನೆಗೆಟಿವ್ ಪಟ್ಟಿಗೆ ತಳ್ಳಬೇಕು. ಇಡೀ ವ್ಯವಸ್ಥೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದುಡ್ಡು ಉಳಿಸುವ ಕೆಲಸ ಮತ್ತೊಂದಿಲ್ಲ.

ನಮ್ಮ ಕಡೆಯ ಹುಡುಕಾಟಕ್ಕೆ ಇನ್ನೊಂದು ಮಗ್ಗುಲಿದೆ. ಒಂದೇ ಅಗತ್ಯವನ್ನು ಜನ ಇಂಗ್ಲಿಷಿನಲ್ಲಿ, ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹುಡುಕುತ್ತಾರೆ. ಮೈಕ್ ಒತ್ತಿ ಮಾತಿನಲ್ಲೇ ಕೇಳುವವರೂ ಇದ್ದಾರೆ. ಮೋಟರ್, ಮೋಟಾರ್, ಮೋಟರು, ಪಂಪು, ಪಂಪ್‌ಸೆಟ್ಟು, ಬೋರು, ಬೋರ್‌ವೆಲ್ಲು, ಕೊಳವೆಬಾವಿ, ಎಲ್ಲ ಒಂದೇ ಸುತ್ತಿನ ಪದಗಳು. ಪಟ್ಟಿ ಮಾಡಲು ಕುಳಿತಾಗ ಇಂಗ್ಲಿಷ್ ಕೈಪಿಡಿಗಿಂತ ಅಂಗಡಿಗೆ ಬಂದವರ ಬಾಯಿಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೌಂಟರ್ ಮುಂದೆ ನಿಂತು ಅವರು ಹೇಗೆ ಕೇಳುತ್ತಾರೋ ಬಹುಮಟ್ಟಿಗೆ ಹಾಗೆಯೇ ಫೋನಿನಲ್ಲೂ ಕೇಳುತ್ತಾರೆ.

ಊರು, ಭಾಷೆ, ಹೊತ್ತು

ಖಾತೆ ತೆರೆಯುವಾಗ ಗೂಗಲ್ ತಾನಾಗಿ ಆರಿಸಿಕೊಟ್ಟಿರುವ ಕೆಲವು ಆಯ್ಕೆಗಳಿರುತ್ತವೆ. ಅವುಗಳಲ್ಲಿ ಎರಡು ಮೂರನ್ನು ಬದಲಿಸದೆ ಮುಂದೆ ಹೋಗಬಾರದು.

ಊರಿನ ವಿಷಯದಲ್ಲಿ, ಆ ಪ್ರದೇಶದಲ್ಲಿ ಇರುವವರು ಮಾತ್ರವಲ್ಲದೆ ಅದರ ಬಗ್ಗೆ ಆಸಕ್ತಿ ತೋರಿದವರಿಗೂ ತೋರಿಸು ಎಂಬುದು ಮೊದಲೇ ಗುರುತಾಗಿರುತ್ತದೆ. ಹೋಂಸ್ಟೇಗೆ ಇದು ಸರಿಯೇ, ಸಕಲೇಶಪುರದ ಹೋಂಸ್ಟೇಗೆ ಬರುವವರು ಬೆಂಗಳೂರಿನಲ್ಲಿ ಕುಳಿತೇ ಹುಡುಕುತ್ತಾರೆ. ಮೋಟರ್ ಅಂಗಡಿಗೆ ಅದು ನಷ್ಟ. 'ಆ ಪ್ರದೇಶದಲ್ಲಿ ಇರುವವರಿಗೆ ಮಾತ್ರ' ಎಂಬುದನ್ನು ಆರಿಸಿ, ಅಂಗಡಿಯ ಗಾಡಿ ಹೋಗಿಬರುವಷ್ಟು ದೂರಕ್ಕೆ ವೃತ್ತ ಎಳೆದುಕೊಂಡರೆ ಸಾಕು.

ಹಾಗೆಯೇ ಹುಡುಕಾಟದ ಜಾಹೀರಾತು ಮಾಡುವಾಗ 'ಡಿಸ್‌ಪ್ಲೇ ನೆಟ್‌ವರ್ಕ್' ಎಂಬ ಚೌಕದಲ್ಲಿ ಮೊದಲೇ ಟಿಕ್ ಇದೆಯೇ ನೋಡಿ. ಇದ್ದರೆ ಏನನ್ನೂ ಹುಡುಕದೆ ಬೇರೆ ತಾಣ, ಆ್ಯಪ್ ನೋಡುತ್ತಿರುವವರಿಗೂ ನಿಮ್ಮ ಜಾಹೀರಾತು ಹೋಗುತ್ತದೆ. ಕೊಳ್ಳಲು ಸಿದ್ಧರಾದವರಷ್ಟೇ ಬೇಕು ಎಂದು ಹೊರಟವರು ಅದನ್ನು ತೆಗೆಯಬೇಕು.

ಖಾತೆಯಲ್ಲಿ ಭಾಷೆ ಆರಿಸುವ ಪಟ್ಟಿ ಕಂಡರೆ, ಅದರಲ್ಲಿ ಕನ್ನಡ ಇದೆ. ಆದರೆ ಕನ್ನಡ ಒಂದನ್ನೇ ಆರಿಸಿದರೆ ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡ ಕನ್ನಡಿಗರು ತಪ್ಪಿಹೋಗಬಹುದು. ಎರಡನ್ನೂ ಆರಿಸುವುದು ಒಳ್ಳೆಯದು. ಈ ಆಯ್ಕೆ ಯಾರಿಗೆ ತೋರಿಸಬೇಕು ಎಂಬುದಕ್ಕೆ ಮಾತ್ರ, ನೀವು ಬರೆದದ್ದನ್ನು ಗೂಗಲ್ ಅನುವಾದಿಸುವುದಿಲ್ಲ.

ಹೊತ್ತಿನ ವಿಷಯ ಸರಳ: ಫೋನ್ ಎತ್ತಲು ಯಾರಾದರೂ ಇರುವ ಹೊತ್ತಿನಲ್ಲಿ ಮಾತ್ರ ಜಾಹೀರಾತು ಓಡಲಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಬರುವ ಹೊತ್ತು ಊರಿಂದೂರಿಗೆ ಬೇರೆ, ಮೋಟರ್ ಸುಟ್ಟದ್ದು ಗೊತ್ತಾಗುವುದು ಬೆಳಿಗ್ಗೆ ಆರಕ್ಕೂ ಆಗಬಹುದು. ಆರಕ್ಕೆ ಫೋನ್ ಎತ್ತುವ ಅಂಗಡಿಗೆ ಆ ಹೊತ್ತಿನ ಕ್ಲಿಕ್ ಚಿನ್ನ, ಹತ್ತಕ್ಕೆ ಬಾಗಿಲು ತೆರೆಯುವವರಿಗೆ ಅದೇ ದಂಡ.

ಒತ್ತಿದ ಮೇಲೆ ಏನು ಕಾಣಬೇಕು?

ಜಾಹೀರಾತಿನ ಜಾಗ ಬಹಳ ಚಿಕ್ಕದು. ಒಂದು ತಲೆಬರಹಕ್ಕೆ 30 ಅಕ್ಷರ, ವಿವರಣೆಗೆ 90. ಹದಿನೈದು ತಲೆಬರಹ ಮತ್ತು ನಾಲ್ಕು ವಿವರಣೆಗಳ ತನಕ ಕೊಡಬಹುದು, ಯಾವುದನ್ನು ಯಾವಾಗ ಜೋಡಿಸಿ ತೋರಿಸಬೇಕು ಎಂಬುದನ್ನು ಗೂಗಲ್ ನಿರ್ಧರಿಸುತ್ತದೆ. ಕನ್ನಡದಲ್ಲಿ ಒತ್ತಕ್ಷರ, ಗುಣಿತದ ಚಿಹ್ನೆಗಳೂ ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಮೂವತ್ತು ಬೇಗ ತುಂಬುತ್ತದೆ. 'ಉತ್ತಮ ಸೇವೆ, ನಂಬಿಕೆಗೆ ಇನ್ನೊಂದು ಹೆಸರು' ಎಂಬಂಥ ಮಾತಿಗೆ ಇಲ್ಲಿ ಜಾಗವಿಲ್ಲ. 'ಬೋರ್ ಮೋಟರ್ ಎತ್ತಿ ರಿಪೇರಿ' ಎಂದು ಬರೆದರೆ ಹುಡುಕಿದವರ ಕಣ್ಣು ನಿಲ್ಲುತ್ತದೆ.

ಒತ್ತಿದವರು ಬಂದು ಇಳಿಯುವ ಪುಟದಲ್ಲಿ ಮೊದಲಿಗೇ ಫೋನ್ ನಂಬರ್, ಯಾವ ಯಾವ ಊರಿಗೆ ಬರುತ್ತೀರಿ, ಎಷ್ಟು ಎಚ್‌ಪಿ ತನಕ ಮಾಡುತ್ತೀರಿ, ಎಷ್ಟು ದಿನದಲ್ಲಿ ಕೊಡುತ್ತೀರಿ, ಅಂದಾಜು ದರ ಇರಬೇಕು. ತೋಟದಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ, ಭಾರವಾದ ಚಿತ್ರಗಳ ಪುಟ ತೆರೆಯುವ ಮೊದಲೇ ಅವರು ಹಿಂದೆ ಹೋಗಿರುತ್ತಾರೆ, ನಿಮ್ಮ ದುಡ್ಡು ಅಷ್ಟರೊಳಗೆ ಕಡಿತವಾಗಿರುತ್ತದೆ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಉಚಿತ ಕೆಲಸವೊಂದಿದೆ: ಗೂಗಲ್ ಬಿಸಿನೆಸ್ ಪ್ರೊಫೈಲ್. ನಕ್ಷೆಯಲ್ಲಿ ಅಂಗಡಿಯ ಜಾಗ, ವೇಳೆ, ನಂಬರ್, ಫೋಟೋ, ಗ್ರಾಹಕರ ಅಭಿಪ್ರಾಯ ತೋರಿಸುವುದು ಅದೇ. ಅದನ್ನು ಅರ್ಧಂಬರ್ಧ ಬಿಟ್ಟು ಜಾಹೀರಾತಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಗಿಟ್ಟುತ್ತದೆಯೇ? ಲೆಕ್ಕ ಹಾಕುವ ಬಗೆ

ಇಲ್ಲಿ ಕೊಡುವ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ, ನಿಮ್ಮ ಅಂಕಿ ಬೇರೆಯೇ ಇರುತ್ತದೆ.

ಒಂದು ಕ್ಲಿಕ್ಕಿಗೆ 20 ರೂಪಾಯಿ ಬಿತ್ತು ಎನ್ನಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 23 ರೂಪಾಯಿ 60 ಪೈಸೆ. ನೂರು ಕ್ಲಿಕ್ಕಿಗೆ 2,360. ಈ ನೂರು ಜನರಲ್ಲಿ ಹತ್ತು ಜನ ಕರೆ ಮಾಡಿ, ಅವರಲ್ಲಿ ನಾಲ್ವರು ಕೆಲಸ ಕೊಟ್ಟರು. ಒಂದು ಕೆಲಸಕ್ಕೆ ಜಾಹೀರಾತಿನ ಖರ್ಚು 590 ರೂಪಾಯಿ. ಮೋಟರ್ ಎತ್ತಿ, ವೈಂಡಿಂಗ್ ಮಾಡಿ, ಇಳಿಸಿಕೊಡುವ ಕೆಲಸದಲ್ಲಿ ತಂತಿ, ಕೂಲಿ, ಗಾಡಿ ಎಲ್ಲ ಕಳೆದು 1,500 ಉಳಿಯುವುದಾದರೆ 910 ರೂಪಾಯಿ ಕೈಗೆ ಬಂತು. ಸ್ಟಾರ್ಟರ್ ಸರಿಮಾಡುವಂಥ 500 ರೂಪಾಯಿ ಉಳಿಯುವ ಕೆಲಸವಾದರೆ ಪ್ರತಿ ಸಲ 90 ರೂಪಾಯಿ ನಷ್ಟ. ಒಂದೇ ಅಂಗಡಿ, ಒಂದೇ ಜಾಹೀರಾತು, ಒಂದು ಕೆಲಸಕ್ಕೆ ಗಿಟ್ಟಿತು, ಇನ್ನೊಂದಕ್ಕೆ ಗಿಟ್ಟಲಿಲ್ಲ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಇದು ಕಾಣುವುದೇ ಇಲ್ಲ.

ಇದನ್ನೇ ತಿರುಗಿಸಿದರೆ ಒಂದು ಕ್ಲಿಕ್ಕಿಗೆ ಗರಿಷ್ಠ ಎಷ್ಟು ಕೊಡಬಹುದು ಎಂಬುದು ಸಿಗುತ್ತದೆ. ನೂರಕ್ಕೆ ನಾಲ್ಕು ಕೆಲಸ, ಕೆಲಸಕ್ಕೆ 1,500 ಉಳಿತಾಯ ಎಂದರೆ ನೂರು ಕ್ಲಿಕ್ಕಿಗೆ 6,000. ಅಂದರೆ ತೆರಿಗೆ ಸೇರಿ ಕ್ಲಿಕ್ಕಿಗೆ 60 ರೂಪಾಯಿ ದಾಟಿದರೆ ನಷ್ಟ. ಜಿಎಸ್‌ಟಿ ನೋಂದಣಿ ಇದ್ದು ಸಾಮಾನ್ಯ ಪದ್ಧತಿಯಲ್ಲಿರುವವರು ಆ ಶೇ. 18ನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ಹಿಂಪಡೆಯಬಹುದು, ಕಾಂಪೋಸಿಷನ್ ಎಂಬ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದು ಖರ್ಚೇ.

ದಿನದ ಬಜೆಟ್ 300 ಎಂದು ಇಟ್ಟರೆ ಕೆಲವು ದಿನ 600ರ ತನಕ ಹೋಗಿದ್ದು ಕಂಡು ಗಾಬರಿಯಾಗುವವರಿದ್ದಾರೆ. ಗೂಗಲ್ ಒಂದು ದಿನ ಎರಡು ಪಟ್ಟಿನವರೆಗೂ ಖರ್ಚು ಮಾಡಬಹುದು. ತಿಂಗಳಿಗೆ ಮಾತ್ರ ದಿನದ ಬಜೆಟ್ಟಿನ 30.4 ಪಟ್ಟು, ಈ ಲೆಕ್ಕದಲ್ಲಿ 9,120 ರೂಪಾಯಿ ದಾಟುವುದಿಲ್ಲ.

ಈ ಲೆಕ್ಕವೆಲ್ಲ ನಿಂತಿರುವುದು ಯಾವ ಕೆಲಸ ಜಾಹೀರಾತಿನಿಂದ ಬಂತು ಎಂಬುದು ಗೊತ್ತಿದ್ದರೆ. ದೊಡ್ಡವರು ಅದಕ್ಕೆ ತಾಂತ್ರಿಕ ಏರ್ಪಾಡು ಮಾಡಿಕೊಂಡಿರುತ್ತಾರೆ, ಅದಕ್ಕೆ 'ಕನ್ವರ್ಷನ್ ಟ್ರ್ಯಾಕಿಂಗ್' ಎನ್ನುತ್ತಾರೆ. ಸಣ್ಣ ಅಂಗಡಿಗೆ ಸುಲಭದ ದಾರಿ, ಜಾಹೀರಾತಿಗೆ ಮಾತ್ರ ಒಂದು ಪ್ರತ್ಯೇಕ ಸಿಮ್ ಇಟ್ಟು, ಆ ನಂಬರಿಗೆ ಬಂದ ಕರೆ, ಆದ ಕೆಲಸ, ಉಳಿದ ದುಡ್ಡು ಮೂರನ್ನೂ ಪುಸ್ತಕದಲ್ಲಿ ಬರೆಯುವುದು.

ಹೇಗೂ ಬರುವವರಿಗೆ ದುಡ್ಡು ಕೊಡುವ ಅಪಾಯ

ಲೆಕ್ಕದಲ್ಲಿ ಲಾಭ ಕಂಡರೂ ಒಂದು ಪ್ರಶ್ನೆ ಉಳಿಯುತ್ತದೆ: ಜಾಹೀರಾತು ಇಲ್ಲದಿದ್ದರೆ ಇವರು ಬರುತ್ತಿರಲಿಲ್ಲವೇ?

ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರು ಆನ್‌ಲೈನ್ ಮಾರಾಟ ತಾಣವಾದ ಇಬೇ ಕಂಪನಿಯಲ್ಲಿದ್ದ ಅರ್ಥಶಾಸ್ತ್ರಜ್ಞರಾದ ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ ಮತ್ತು ಸ್ಟೀವನ್ ಟಡೇಲಿಸ್. 2012ರಲ್ಲಿ ಅವರು 'ಇಬೇ' ಎಂಬ ಹೆಸರು ಸೇರಿದ ಹುಡುಕಾಟಗಳಿಗೆ ಕೆಲವು ಹುಡುಕುತಾಣಗಳಲ್ಲಿ ಜಾಹೀರಾತು ನಿಲ್ಲಿಸಿ ನೋಡಿದರು. ತಪ್ಪಿಹೋದ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಕೆಳಗಿದ್ದ ಉಚಿತ ಫಲಿತಾಂಶದ ಮೂಲಕ ಹಾಗೆಯೇ ಬಂದವು. ಬೇರೆ ಪದಗಳ ಜಾಹೀರಾತಿನಲ್ಲೂ ಪದೇ ಪದೇ ಕೊಳ್ಳುವ ಹಳೆಯ ಗ್ರಾಹಕರ ಮೇಲೆ ಪರಿಣಾಮವಿಲ್ಲ, ಹೊಸಬರ ಮೇಲೆ ಮತ್ತು ಅಪರೂಪಕ್ಕೆ ಬರುವವರ ಮೇಲೆ ಮಾತ್ರ ಇತ್ತು. ಇಬೇ ಎಲ್ಲರಿಗೂ ಗೊತ್ತಿದ್ದ ಹೆಸರು, ಆದ್ದರಿಂದ ಈ ಫಲಿತಾಂಶ ಯಾರೂ ಕೇಳದ ಹೊಸ ಅಂಗಡಿಗೆ ಹಾಗೆಯೇ ಹೊಂದುವುದಿಲ್ಲ. ಆದರೆ ನಿಮ್ಮ ಅಂಗಡಿಯ ಹೆಸರನ್ನೇ ಹುಡುಕಿ ಬರುವವರಿಗೆ ಜಾಹೀರಾತು ತೋರಿಸಿ, ಅದನ್ನೇ ದೊಡ್ಡ ಯಶಸ್ಸು ಎಂದು ಯಾರಾದರೂ ವರದಿ ಕೊಟ್ಟರೆ ಒಪ್ಪಿಕೊಳ್ಳಬೇಡಿ.

ಅಪವಾದ ಒಂದಿದೆ. ನಿಮ್ಮ ಹೆಸರಿಗೆ ಎದುರಾಳಿ ಜಾಹೀರಾತು ಹಾಕುತ್ತಿದ್ದರೆ ಸುಮ್ಮನಿರುವುದು ಕಷ್ಟ. ಮನೆ ಸಾಮಾನು ಸಾಗಿಸುವ ಅಗರ್‌ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಹೆಸರಿನ ಸುತ್ತ ನಡೆದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರ ಆಗಸ್ಟ್‌ನಲ್ಲಿ ಈ ವಿಷಯ ತೀರ್ಮಾನಿಸಿತು. ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಕೀವರ್ಡ್ ಮಾಡಿಕೊಂಡದ್ದಷ್ಟೇ ಉಲ್ಲಂಘನೆಯಾಗದು, ಗ್ರಾಹಕರಿಗೆ ಗೊಂದಲ ಉಂಟುಮಾಡಿದರೆ ಆಗುತ್ತದೆ. ಅಂಥ ಕಡೆ ಗೂಗಲ್ ಕೂಡ ತಾನು ಬರಿಯ ಮಧ್ಯವರ್ತಿ ಎಂದು ಜಾರಿಕೊಳ್ಳುವಂತಿಲ್ಲ ಎಂದಿತು.

ಹರಾಜು ನಡೆಸುವವರ ಕೈ

ಮಂಡಿಯ ಟೆಂಡರಿನಲ್ಲಿ ನಿಯಮ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ನಿಯಮ ಬರೆಯುವುದು, ಗುಣ ಅಳೆಯುವುದು, ದುಡ್ಡು ತೆಗೆದುಕೊಳ್ಳುವುದು ಎಲ್ಲ ಒಬ್ಬರೇ. ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರಂದು, ಹುಡುಕಾಟದಲ್ಲೂ ಹುಡುಕಾಟದ ಪಠ್ಯ ಜಾಹೀರಾತಿನಲ್ಲೂ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪು ಕೊಟ್ಟರು. ಅದರ ವಿಚಾರಣೆಯಲ್ಲಿ ಗೂಗಲ್‌ನ ಜಾಹೀರಾತು ವಿಭಾಗದ ಹಿರಿಯ ಅಧಿಕಾರಿ ಜೆರ್ರಿ ಡಿಷ್ಲರ್, ಹರಾಜಿನಲ್ಲಿ ಮಾಡಿದ ಬದಲಾವಣೆಗಳಿಂದ ಜಾಹೀರಾತಿನ ದರ ಶೇ. 5ರಷ್ಟು ಏರಿದ್ದುಂಟು, ಅದನ್ನು ಜಾಹೀರಾತುದಾರರಿಗೆ ಸಾಮಾನ್ಯವಾಗಿ ಹೇಳುವುದಿಲ್ಲ ಎಂದು ಒಪ್ಪಿಕೊಂಡರು. ಹಾಗಾಗಿ ಖಾತೆಯೊಳಗೆ ಕಾಣುವ 'ಶಿಫಾರಸು'ಗಳನ್ನು ಮಾರುವವರ ಸಲಹೆ ಎಂದೇ ಓದಬೇಕು. ಅವುಗಳಲ್ಲಿ ಒಳ್ಳೆಯವೂ ಇರುತ್ತವೆ, ಬಜೆಟ್ ಏರಿಸಿ, ಬ್ರಾಡ್ ಮ್ಯಾಚ್‌ಗೆ ಬನ್ನಿ ಎಂಬವೂ ಇರುತ್ತವೆ. ಶಿಫಾರಸುಗಳು ತಾವಾಗಿಯೇ ಜಾರಿಯಾಗುವ 'ಆಟೋ ಅಪ್ಲೈ' ಆಯ್ಕೆ ಚಾಲೂ ಇದೆಯೇ ಎಂದು ನೋಡಿ, ಇದ್ದರೆ ನಿಲ್ಲಿಸಿಬಿಡುವುದು ಮೇಲು.

ಏಜೆನ್ಸಿಗೆ ಒಪ್ಪಿಸುವುದಾದರೆ

ಅಂಗಡಿ ನೋಡಿಕೊಳ್ಳುವವರಿಗೆ ಇದನ್ನೆಲ್ಲ ಮಾಡಲು ಸಮಯವಿಲ್ಲದಿರಬಹುದು. ಬೇರೆಯವರಿಗೆ ಕೊಡುವುದರಲ್ಲಿ ತಪ್ಪಿಲ್ಲ, ಕೆಲವು ವಿಷಯ ಮೊದಲೇ ಇತ್ಯರ್ಥವಾಗಿರಬೇಕು. ಖಾತೆ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಹೆಸರಿನಲ್ಲಿ ಇರಲಿ, ಅವರಿಗೆ ನಿರ್ವಹಣೆಯ ಅನುಮತಿ ಮಾತ್ರ ಕೊಡಿ. ಅವರ ಖಾತೆಯಲ್ಲಿ ಓಡಿಸಿದರೆ ಬಿಟ್ಟುಹೋಗುವ ದಿನ ಇಷ್ಟು ತಿಂಗಳ ಮಾಹಿತಿಯೂ ಅವರ ಜೊತೆ ಹೋಗುತ್ತದೆ. ಕೊಡುವ ಹಣದಲ್ಲಿ ಗೂಗಲ್‌ಗೆ ಎಷ್ಟು, ಅವರ ಸಂಭಾವನೆ ಎಷ್ಟು ಎಂಬುದು ಬೇರೆ ಬೇರೆ ಬರೆದಿರಲಿ. ಗೂಗಲ್‌ಗೆ ಹೋದ ಹಣದ ಬಿಲ್ಲು ಖಾತೆಯಲ್ಲೇ ಸಿಗುತ್ತದೆ, ನೋಡಲು ಅವರನ್ನು ಕೇಳಬೇಕಿಲ್ಲ.

'ಗೂಗಲ್‌ನಲ್ಲಿ ಯಾವಾಗಲೂ ಮೊದಲ ಸ್ಥಾನ ಗ್ಯಾರಂಟಿ' ಎಂದು ಯಾರಾದರೂ ಹೇಳಿದರೆ, ಪ್ರತಿ ಹುಡುಕಾಟಕ್ಕೂ ಹೊಸ ಹರಾಜು ನಡೆಯುವಾಗ ಅದು ಹೇಗೆ ಸಾಧ್ಯ ಎಂದು ಕೇಳಿ. ತಿಂಗಳ ಕೊನೆಗೆ ಅವರು ತರುವ ವರದಿಯಲ್ಲಿ ಎಷ್ಟು ಜನರಿಗೆ ಕಂಡಿತು, ಎಷ್ಟು ಜನ ಒತ್ತಿದರು ಎಂಬುದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಸರ್ಚ್ ಟರ್ಮ್ಸ್ ವರದಿಯನ್ನೂ ತೆರೆಸಿ, ಪಕ್ಕದಲ್ಲಿ ನಿಮ್ಮ ಸಿಮ್ಮಿನ ಪುಸ್ತಕ ಇಟ್ಟುಕೊಂಡು, ಯಾವ ಮಾತಿಗೆ ಹೋದ ಎಷ್ಟು ರೂಪಾಯಿಗೆ ಎಷ್ಟು ಮೋಟರ್ ಅಂಗಡಿಗೆ ಬಂದವು ಎಂದು ಸಾಲು ಸಾಲಾಗಿ ಕೇಳಿ.